ಹನ್ನೆರಡು ತುಂಡು, ಒಂದೇ ಕೈ

"ಕಣ್ಣಿಗೆ ಹಬ್ಬ ಮೇಷ್ಟ್ರೇ," ಎಂದಳು ಗೇಜಕ್ಕ, ಏಳನೆಯ ಉಕ್ಕಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು. "ಇಷ್ಟು ಚೆನ್ನಾಗಿ ಬೆಸುಗೆ ಹಾಕೋರು ನಿಮಗೆ ಡಜನ್ ಲೆಕ್ಕದಲ್ಲಿ ಎಲ್ಲಿ ಸಿಗ್ತಾರೆ?"

ವಿದೇಶಕ್ಕೆ ಆಳು ಕಳಿಸುವ ಏಜೆನ್ಸಿಯ ಟೆಸ್ಟ್ ಶೆಡ್ಡಿನ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. "ಹುಡುಕ್ತೀವಿ ಮೇಡಮ್. ನೂರು ಜನ ಬಂದರೆ ಹತ್ತು ಜನ ಉಳೀತಾರೆ. ಇವರು ಹನ್ನೆರಡು ಜನ ಶುಕ್ರವಾರದ ವಿಮಾನಕ್ಕೆ."

ಗೇಜಕ್ಕ ತುಂಡನ್ನು ಮೇಜಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು, ಕಿಟಕಿಗೆ ಹೋದಳು, ವಾಪಸು ಬಂದಳು. ಒಂದು ಕಡೆ ಕೂತ ಜೀವವಲ್ಲ ಅದು. ಇಪ್ಪತ್ತಮೂರು ವರ್ಷ ಕಾರ್ಖಾನೆಯೊಂದರಲ್ಲಿ ಬೇರೆಯವರು ಮಾಡಿದ ಕೆಲಸದ ತಪ್ಪು ಹುಡುಕಿ ಸಂಬಳ ತಗೊಂಡವಳು. ಕಾರ್ಖಾನೆ ಮುಚ್ಚಿದ ಮೇಲೆ, ಬೇರೆಯವರು ಮುಚ್ಚಿಟ್ಟ ಸುದ್ದಿ ಹುಡುಕುವುದನ್ನೇ ಕಸುಬು ಮಾಡಿಕೊಂಡಿದ್ದಳು. ಬೆಸುಗೆ ಅಳೆಯುವ ಉಕ್ಕಿನ ಗೇಜು ಇಂದಿಗೂ ಅವಳ ಕೈಚೀಲದಲ್ಲಿತ್ತು, ಹೆಸರೂ ಅದರದೇ.

ಪಕ್ಕದ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು, ಗುಮಾಸ್ತೆಯ ವೇಷದಲ್ಲಿ ಕೂತಿದ್ದವಳು ಟೈಲರಮ್ಮ. ಅವಳ ಗಂಡ, ವೆಲ್ಡರ್, ಎಂಟು ತಿಂಗಳ ಹಿಂದೆ ಇದೇ ಏಜೆನ್ಸಿಯ ಮೂಲಕ ಸಮುದ್ರದಾಚೆಯ ಒಂದು ಸಣ್ಣ ಕಾರ್ಖಾನೆಗೆ ಹೋದವನು. ಇಪ್ಪತ್ತೆರಡು ದಿನದ ಹಿಂದೆ ಅವನು ಅಲ್ಲಿಂದ ಓಡಿಹೋದ ಎಂದು ಏಜೆನ್ಸಿ ಹೇಳುತ್ತಿತ್ತು. ಅವತ್ತಿನಿಂದ ಒಂದು ಫೋನಿಲ್ಲ, ಒಂದು ಸುದ್ದಿಯಿಲ್ಲ. ಬದುಕಿದ್ದಾನೋ ಇಲ್ಲವೋ, ಅಷ್ಟು ತಿಳಿಸಿಕೊಡಿ ಅಕ್ಕಾ ಎಂದು ಬಂದಿದ್ದಳು ಅವಳು.

ಹಾಗಾಗಿ ಗೇಜಕ್ಕ ಈಗ 'ವಿದೇಶದ ಕಾರ್ಖಾನೆಯೊಂದಕ್ಕೆ ಆಳು ಆರಿಸಲು ಬಂದ ಮೇಡಮ್' ಆಗಿದ್ದಳು. ಸುಳ್ಳು ಹೇಳುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. 

ಈ ವ್ಯವಹಾರದ ಮರ್ಮವೆಲ್ಲ ಇರುವುದು ಆ ತುಂಡುಗಳಲ್ಲಿ. ದೊಡ್ಡ ಕಂಪನಿಗಳಾದರೆ ತಮ್ಮ ಪರೀಕ್ಷಕರನ್ನೇ ವಿಮಾನ ಹತ್ತಿಸಿ ಕಳಿಸುತ್ತವೆ. ಐದಾರು ಜನರಿಂದ ನಡೆಯುವ ಸಣ್ಣ ಎಂಜಿನಿಯರಿಂಗ್ ಕಾರ್ಖಾನೆಗಳಿಗೆ ಅಷ್ಟು ತ್ರಾಣವೆಲ್ಲಿ? ಅವುಗಳಿಗಾಗಿ ಇಲ್ಲಿಗೆ ಬರುವ ಪ್ರತಿಯೊಬ್ಬನೂ ಎರಡು ಉಕ್ಕಿನ ಪಟ್ಟಿ ಬೆಸೆದು ಕೊಡಬೇಕು. ಆ ತುಂಡು ಕೊರಿಯರಿನಲ್ಲಿ ಹೋಗುತ್ತದೆ. ಅಲ್ಲಿಯ ಮಾಲೀಕ ಅದನ್ನು ಕತ್ತರಿಸಿ, ಬಗ್ಗಿಸಿ ನೋಡಿ ತಲೆಯಾಡಿಸಿದರೆ ಆಳು ಹಿಂದಿನಿಂದ ಹೋಗುತ್ತಾನೆ. ತುಂಡಿನ ಮೇಲೆ ಒತ್ತಿದ ನಂಬರೇ ಅವನ ಜಾತಕ.

"ನಂಬರ್ ಯಾವಾಗ ಹೊಡೀತೀರಿ ಮೇಷ್ಟ್ರೇ?"

"ಮೊದಲೇ. ಪಟ್ಟಿ ಕೈಗೆ ಕೊಡೋಕೆ ಮುಂಚೆ, ಅವರವರ ಎದುರಿಗೇ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೀತೀನಿ. ಆಮೇಲೆ ಅದಲು ಬದಲು ಆಗಬಾರದು ನೋಡಿ. ಅದೊಂದರಲ್ಲಿ ನಾನು ಬಲು ಕಟ್ಟುನಿಟ್ಟು."

"ಕಟ್ಟುನಿಟ್ಟು ಒಳ್ಳೇದು," ಎಂದಳು ಗೇಜಕ್ಕ. "ಹಾಗಾದರೆ ಇದೇನು ಹೇಳಿ."

ಬೆಸುಗೆಯ ಬಿಸಿಗೆ ಪಕ್ಕದ ಉಕ್ಕು ನೀಲಿ ತಿರುಗುತ್ತದೆ. ಏಳನೆಯ ತುಂಡಿನ ಮೇಲೂ ಎರಡು ಬೆರಳಗಲ ನೀಲಿ ಪಟ್ಟೆಯಿತ್ತು. ಆ ನೀಲಿಯ ನಟ್ಟನಡುವೆ ನಂಬರು.

"ಮೊದಲೇ ಹೊಡೆದಿದ್ದರೆ ಈ ಗುಳಿಯೊಳಗೂ ನೀಲಿ ಇರಬೇಕಿತ್ತು. ಇಲ್ಲಿ ಗುಳಿ ಬೆಳ್ಳಗೆ ಹೊಳೀತಿದೆ. ನೀಲಿಯನ್ನ ಒಡೆದುಕೊಂಡು ಒಳಗೆ ಹೋಗಿದೆ. ಅಂದರೆ ಬೆಸುಗೆ ಮುಗಿದು, ತಣ್ಣಗಾಗಿ, ಆಮೇಲೆ ಹೊಡೆದ ನಂಬರು."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಒಂದೊಂದು ಸಲ ಮರೆತುಹೋಗುತ್ತೆ ಮೇಡಮ್. ಮನುಷ್ಯ ತಾನೇ."

"ಒಂದೊಂದು ಸಲ." ಗೇಜಕ್ಕ ಎಂಟನೆಯದನ್ನು ಎತ್ತಿದಳು. ಒಂಬತ್ತನೆಯದು. ಹತ್ತನೆಯದು. ಒಂದೊಂದನ್ನೂ ಮೇಜಿನ ಮೇಲೆ ಠಣ್ ಎಂದು ಇಡುತ್ತಾ ಹೋದಳು. "ಹನ್ನೆರಡಕ್ಕೆ ಹನ್ನೆರಡೂ ಮರೆತಿರಾ? ನಿಮ್ಮ ಮರೆವು ಬಹಳ ಶಿಸ್ತಿನ ಮರೆವು."

ಮೇಷ್ಟ್ರ ಕಣ್ಣು ಪ್ಲೈವುಡ್ ಗೋಡೆಯ ಕಡೆ ಓಡಿತು. ಆ ಕಡೆ ಏಜೆನ್ಸಿಯ ಒಡತಿಯ ಕಚೇರಿ. ನಡುವಿನ ಬಾಗಿಲು ಮುಚ್ಚಿತ್ತು.

"ಜಗಳ ಬೇಡ ಮೇಷ್ಟ್ರೇ," ಎಂದಳು ಗೇಜಕ್ಕ ಬೆಣ್ಣೆಯಂಥ ದನಿಯಲ್ಲಿ. "ಹನ್ನೆರಡು ಜನರಲ್ಲಿ ಯಾರನ್ನಾದರೂ ಒಬ್ಬನನ್ನ ಕರೆಸಿ. ನನ್ನೆದುರಿಗೆ ಒಂದು ಗೇಣು ಬೆಸುಗೆ ಹಾಕಲಿ. ನೋಡ್ಕೊಂಡು ಹೊರಟುಹೋಗ್ತೀನಿ."

"ಕರೆಸಬಹುದಿತ್ತು ಮೇಡಮ್. ಆದರೆ ಈಗ ಕರೆಂಟ್ ಇಲ್ಲವಲ್ಲ."

ಗೇಜಕ್ಕ ನಿಧಾನವಾಗಿ ತಲೆಯೆತ್ತಿ ನೋಡಿದಳು. ಅವರ ನೆತ್ತಿಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು.

"ಫ್ಯಾನಿಗೆ ಈ ವಿಷಯ ಯಾರೂ ತಿಳಿಸಿಲ್ಲ ಅನ್ಸುತ್ತೆ," ಎಂದಳು.

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸ್ಟೂಲು ಕಿರ್ ಎಂದು ಸರಿಯಿತು. ಟೈಲರಮ್ಮ ಎದ್ದು ನಿಂತಿದ್ದಳು. ನೋಟ್‌ಬುಕ್ಕು ನೆಲಕ್ಕೆ ಬಿದ್ದಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಅಕ್ಕಾ, ಇವೆಲ್ಲಾ ಒಬ್ಬರದೇ ಕೈ."

"ಗೊತ್ತಮ್ಮಾ, ನನಗೂ ಹಾಗೇ ಅನ್ನಿಸ್ತು..."

"ಅನ್ನಿಸೋದಲ್ಲ ಅಕ್ಕಾ. ಕೊನೆ ನೋಡಿ. ಬೆಸುಗೆ ಮುಗಿಯೋ ಜಾಗ ನೋಡಿ."

ಗೇಜಕ್ಕ ಬಗ್ಗಿದಳು. ಬೆಸುಗೆಯ ಗೆರೆ ಮೀನಿನ ಹುರುಪೆಯಂತೆ ಒಂದೇ ಸಮನೆ ಹೋಗಿ ಅಂಚಿಗೆ ಮುಟ್ಟಿತ್ತು. ಅಲ್ಲಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿತ್ತು. ಒಂದು, ಎರಡು, ಮೂರು ಸಣ್ಣ ಹೆಜ್ಜೆ. ಕೊನೆಯ ಗುಂಡಿ ತುಂಬಲಿ ಎಂದು ವೆಲ್ಡರುಗಳು ಒಂದು ಹೆಜ್ಜೆ ಹಿಂದೆ ಬರುವುದು ಉಂಟು. ಮೂರು ಹೆಜ್ಜೆ ಬರುವವನನ್ನು ಗೇಜಕ್ಕ ಇಪ್ಪತ್ತಮೂರು ವರ್ಷದಲ್ಲಿ ಕಂಡಿರಲಿಲ್ಲ.

"ಹೊಲಿಗೆ ಮುಗಿಸುವಾಗ ನಾನು ಮೂರು ಸಲ ಹಿಂದಕ್ಕೆ ಹೊಡೀತೀನಿ," ಎಂದಳು ಟೈಲರಮ್ಮ. ದನಿ ಒಣಗಿತ್ತು. "ಬಿಚ್ಚಿಕೊಳ್ಳಬಾರದು ಅಂತ. ಮದುವೆಯಾದ ಹೊಸತರಲ್ಲಿ ಪಕ್ಕದಲ್ಲೇ ಕೂತು ನೋಡ್ತಿದ್ದರು. ಆಮೇಲೆ ನನ್ನ ಮೆಷಿನ್ನಿನ ಕಾಲು ಮುರಿದಾಗ ಬೆಸೆದುಕೊಟ್ಟರು. ಅದರ ಕೊನೆಗೂ ಮೂರು ಹಿಂದಕ್ಕೆ. 'ನಿನ್ನದೇ ವಿದ್ಯೆ ಕಣೇ, ಬಿಚ್ಚಲ್ಲ' ಅಂದಿದ್ದರು. ಒಂಬತ್ತು ವರ್ಷದಿಂದ ದಿನಾ ನನ್ನ ಪಾದದ ಹತ್ತಿರ ಅದನ್ನ ನೋಡ್ತಾ ಹೊಲೀತಿದೀನಿ ಅಕ್ಕಾ. ಇದು ನಮ್ಮೆಜಮಾನರ ಕೈ."

ಗೇಜಕ್ಕ ತುಂಡನ್ನು ತಿರುಗಿಸಿದಳು. ಹಿಂಬದಿಯಲ್ಲಿ ಬಿಳಿ ಪೇಂಟಿನಲ್ಲಿ ತಾರೀಖು ಬರೆದಿತ್ತು. ಹೋದ ಮಂಗಳವಾರ.

ಸಮುದ್ರದಾಚೆ ಕಾಣೆಯಾದ ಮನುಷ್ಯ ನಾಲ್ಕು ದಿನದ ಹಿಂದೆ ಈ ಊರಿನಲ್ಲಿ ಕೂತು ಬೆಸುಗೆ ಹಾಕಿದ್ದಾನೆ. ಇಷ್ಟು ದಿನ ಅವಳು ಕಾಣೆಯಾದವನನ್ನು ದೂರದಲ್ಲಿ ಹುಡುಕುತ್ತಿದ್ದಳು. ತನ್ನ ಬುದ್ಧಿಗೆ ತಾನೇ ಎರಡು ಬಿಗಿಯಬೇಕು ಅನ್ನಿಸಿತು.

"ಎಲ್ಲಿದ್ದಾನೆ?" ಬೆಣ್ಣೆಯ ದನಿ ಈಗ ಹೋಗಿತ್ತು.

"ಯಾರು ಮೇಡಮ್? ಯಾರ ವಿಷಯ ನೀವು..."

"ಮೇಷ್ಟ್ರೇ, ನಾನು ಆಳು ಆರಿಸೋಕೆ ಬಂದವಳಲ್ಲ. ಇವಳು ಗುಮಾಸ್ತೆಯೂ ಅಲ್ಲ. ಎಲ್ಲಿದ್ದಾನೆ?"

ಟೈಲರಮ್ಮ ಕೇಳುವ ಗೋಜಿಗೇ ಹೋಗಲಿಲ್ಲ. ಶೆಡ್ಡಿನ ಕೊನೆಯಲ್ಲಿ ಬೆಂಕಿಯ ಕಿಡಿ ತಡೆಯಲು ಕಟ್ಟಿದ್ದ ದಪ್ಪ ಹಸಿರು ಪರದೆಯನ್ನೇ ನೋಡುತ್ತಿದ್ದಳು. ಅಂಚು ಹರಿದು ಜೋತುಬಿದ್ದ ಪರದೆ. ಎಂಟು ತಿಂಗಳು ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಗಂಡನ ಬೆನ್ನ ಹಿಂದೆ ಇದೇ ಹರುಕು ಕಾಣುತ್ತಿತ್ತು. 'ನಿಮ್ಮ ಫಾರಿನ್ ಮಾಲೀಕನಿಗೆ ಒಂದು ಸೂಜಿ ದಾರಕ್ಕೂ ಗತಿಯಿಲ್ಲವಾ' ಎಂದು ಅವಳು ನಗಾಡಿದ್ದಳು.

ಮೇಷ್ಟ್ರು ಎರಡೂ ಕೈ ಅಗಲಿಸಿ ಅಡ್ಡ ನಿಂತರು. "ಅಲ್ಲಿಗೆ ಹೋಗೋ ಹಾಗಿಲ್ಲಮ್ಮಾ. ಅಲ್ಲಿ ಯಾರೂ ಇಲ್ಲ."

ಪರದೆಯ ಹಿಂದೆ ಚಟಪಟ ಸದ್ದು ಶುರುವಾಯಿತು. ಹರಿದ ಅಂಚಿನ ಕೆಳಗಿಂದ ನೀಲಿ ಬೆಳಕು ನೆಲದ ಮೇಲೆ ಕುಣಿಯತೊಡಗಿತು. ಒಳಗೆ ವೆಲ್ಡಿಂಗ್ ಹೆಲ್ಮೆಟ್ಟು ಹಾಕಿ ಕೂತವನ ಕಿವಿಗೆ ಈಚೆಯ ಮಾತುಕತೆ ಒಂದೂ ಬಿದ್ದಿರಲಿಲ್ಲ.

"ಕರೆಂಟೂ ಬಂತು," ಎಂದಳು ಗೇಜಕ್ಕ, ಮೇಷ್ಟ್ರ ತೋಳು ಹಿಡಿದು ಪಕ್ಕಕ್ಕೆ ಸರಿಸುತ್ತಾ. ಆ ಹಿಡಿತಕ್ಕೆ ಮೇಷ್ಟ್ರು ಅಯ್ಯೋ ಎಂದರು.

ಟೈಲರಮ್ಮ ಪರದೆ ಎಳೆದಳು.

ಬೆಳಕು ಆರಿತು. ಹೆಲ್ಮೆಟ್ಟು ಮೇಲಕ್ಕೆ ಸರಿಯಿತು. ಅದರ ಕೆಳಗಿದ್ದ ಮುಖ ಬೆವತಿತ್ತು, ಬಿಸಿಲು ಕಾಣದೆ ಬಿಳಿಚಿಕೊಂಡಿತ್ತು. ಹೆಂಡತಿಯನ್ನು ಕಂಡದ್ದೇ ಅವನ ಕೈಯಲ್ಲಿದ್ದ ಬೆಸುಗೆಯ ಹೋಲ್ಡರು ಕೆಳಗೆ ಬಿತ್ತು.

"ನೀನು... ಇಲ್ಲಿಗೆ ಹೇಗೆ ಬಂದೆ?"

"ಎರಡು ಬಸ್ಸು ಬದಲಾಯಿಸಿ ಬಂದೆ," ಎಂದಳು ಟೈಲರಮ್ಮ. "ನಿಮ್ಮ ಹಾಗೆ ವಿಮಾನದಲ್ಲಿ ಓಡಾಡೋ ಯೋಗ ನನಗೆಲ್ಲಿ ಬರಬೇಕು?"

ಅಷ್ಟು ಹೇಳಿ ಅವಳು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಇನ್ನೊಂದು ಸಲ ಗುದ್ದಿದಳು. ಆಮೇಲೆ ಆ ಎದೆಗೇ ಹಣೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಬದುಕಿದ್ದಾನೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಕೇಸು ಅಲ್ಲಿಗೆ ಮುಗಿಯಬೇಕಿತ್ತು. ಆದರೂ ಗೇಜಕ್ಕನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಎಂಟು ತಿಂಗಳು," ಎನ್ನುತ್ತಿದ್ದಳು ಟೈಲರಮ್ಮ. "ಎರಡು ಬಸ್ಸಿನ ದೂರದಲ್ಲಿ ಕೂತು ಎಂಟು ತಿಂಗಳು ನನಗೆ ಫಾರಿನ್ ಹವಾಮಾನ ವರದಿ ಮಾಡಿದಿರಿ. ಅಲ್ಲಿ ಚಳಿ ಅಂದಿರಿ ಅಂತ ಸ್ವೆಟರ್ ಹೆಣೆದು ಏಜೆನ್ಸಿ ಕೈಲಿ ಕೊಟ್ಟು ಕಳಿಸಿದೆ."

"ಬಂತು," ಎಂದ ಅವನು, ಪೆದ್ದುಪೆದ್ದಾಗಿ. "ಸರಿಯಾಗಿದೆ ಅಳತೆ."

"ಅಪ್ಪ ಓಡಿಹೋದ ಅಂತ ಮಕ್ಕಳು ರೇಗಿಸ್ತಾರೇಂತ ಮಗಳು ಹತ್ತು ದಿನದಿಂದ ಶಾಲೆಗೆ ಹೋಗಿಲ್ಲ. ಅದರ ಅಳತೆ ಹೇಗಿದೆ ಹೇಳಿ."

ಅವನು ತಲೆ ತಗ್ಗಿಸಿದ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ವಿಮಾನದ ಹಿಂದಿನ ದಿನ ಎಕ್ಸ್‌ರೇಯಲ್ಲಿ ಎದೆಯೊಳಗೆ ಚುಕ್ಕೆ ಕಂಡಿತ್ತು. ಇವನನ್ನು ಕಳಿಸುವ ಹಾಗಿಲ್ಲ ಎಂದರು. ನೆಂಟರಿಷ್ಟರೆಲ್ಲ ಬಸ್ಸು ಹತ್ತಿಸಿ ಕಣ್ಣೊರೆಸಿಕೊಂಡಾಗಿತ್ತು. ಯಾವ ಮುಖ ಹೊತ್ತುಕೊಂಡು ಮರುದಿನವೇ ಮನೆಗೆ ಬರುವುದು? ಏಜೆನ್ಸಿಯವರೇ ದಾರಿ ತೋರಿಸಿದರು. ಇಲ್ಲೇ ಇರು, ಬೆಸುಗೆ ಬಾರದವರ ತುಂಡುಗಳನ್ನು ನೀನು ಹಾಕಿಕೊಡು, ಮನೆಗೆ ಸಂಬಳ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ವಿಮಾನದ ಪಟ್ಟಿ ಕೊನೆಯ ಗಳಿಗೆಯಲ್ಲಿ ತಯಾರಾಗುತ್ತಿದ್ದರಿಂದ ನಂಬರು ಯಾವಾಗಲೂ ಆಮೇಲೆ.

"ನಿನ್ನ ಟಿಕೆಟ್?" ಎಂದು ಕೇಳಿದಳು ಗೇಜಕ್ಕ. "ನಿನ್ನ ಪಾಸ್‌ಪೋರ್ಟು? ನೀನು ಹೋಗಲಿಲ್ಲ. ನಿನ್ನ ಹೆಸರು ಹೋಗಿದೆ. ಆ ಹೆಸರು ಹೊತ್ತುಕೊಂಡು ಹೋದವನು ಯಾರು?"

ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ನೆಲ ನೋಡಿದರು.

"ಪೈಪಣ್ಣ," ಎಂದ ಕೊನೆಗೆ. "ಪೈಪಿನ ಕೆಲಸದವನು. ಹಾಗೇ ಕರೀತಿದ್ವಿ. ಅವನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಗಡ್ಡ ಬೆಳೆಸಿದರೆ ನನ್ನ ಹಾಗೇ ಕಾಣ್ತಿದ್ದ."

"ನಿಜವಾದ ಹೆಸರು?"

"ನಾನು ಕೇಳಲಿಲ್ಲ ಅಕ್ಕಾ. ಕೇಳೋಕೆ ನಾಚಿಕೆ ಆಯ್ತು." ಅವನು ಕೈಗವಸು ಕಳಚಿ ಹಿಂಡುತ್ತಿದ್ದ. "ಅವನಿಗೆ ಬೆಸುಗೆ ಅಷ್ಟಕ್ಕಷ್ಟೇ. ಅಲ್ಲಿಂದ ದಿನಾ ಫೋನ್ ಮಾಡಿ ಕೇಳ್ತಿದ್ದ, ನಾನು ಇಲ್ಲಿಂದ ಹೇಳಿಕೊಡ್ತಿದ್ದೆ. ಇಪ್ಪತ್ತೆರಡು ದಿನದ ಹಿಂದೆ ಅವನ ಫೋನ್ ನಿಂತುಹೋಯ್ತು. ಓಡಿಹೋದ ಅಂತ ಇವರು ಹೇಳಿದರು. ಇನ್ನು ನೀನು ಮನೆಗೆ ಫೋನ್ ಮಾಡೋ ಹಾಗಿಲ್ಲ, ಕಾಗದದ ಪ್ರಕಾರ ಓಡಿಹೋಗಿರೋನು ನೀನೇ ಅಂದರು. ಆದರೆ ಅವನು ಓಡಿಹೋಗುವಂಥವನಲ್ಲ ಅಕ್ಕಾ. ರಾತ್ರಿ ಕಣ್ಣು ಮುಚ್ಚಿದರೆ ಅವನೇ ಬಂದು ಪಕ್ಕದಲ್ಲಿ ನಿಂತ್ಕೋತಾನೆ."

ಗೇಜಕ್ಕ ಮೂರು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ ಓಡಾಡಿದಳು. ಒಬ್ಬ ಮನುಷ್ಯ ಇಪ್ಪತ್ತೆರಡು ದಿನದಿಂದ ಪರದೇಶದಲ್ಲಿ ಕಾಣೆಯಾಗಿದ್ದಾನೆ. ಅವನಿಗಾಗಿ ಅಳುತ್ತಿದ್ದವಳು ಅವನ ಹೆಂಡತಿಯಲ್ಲ. ಅವನ ಹೆಂಡತಿ ಯಾರೋ, ಅವಳಿಗೆ ಅವನು ಹೋದದ್ದಾದರೂ ಗೊತ್ತೋ ಇಲ್ಲವೋ. ಹುಡುಕುವವರೇ ಇಲ್ಲದ ಮನುಷ್ಯ.

ಟೈಲರಮ್ಮನ ಚೀಲದೊಳಗೆ ಫೋನ್ ರಿಂಗಾಯಿತು.

ಅವಳು ಕಣ್ಣೊರೆಸಿಕೊಂಡು ತೆಗೆದಳು. ಉದ್ದನೆಯ, ಗುರುತಿಲ್ಲದ ನಂಬರು. ಗೇಜಕ್ಕ ಕಣ್ಸನ್ನೆ ಮಾಡಿದಳು. ಟೈಲರಮ್ಮ ಸ್ಪೀಕರ್ ಒತ್ತಿ ಹಲೋ ಅಂದಳು.

ಆ ಕಡೆಯ ಗಂಡಸು ನಮ್ಮದೇ ಮಾತಿನಲ್ಲಿ ಮಾತಾಡಿದ. ತಾನು ಆಸ್ಪತ್ರೆಯ ದುಭಾಷಿ ಎಂದ. ಅವಳ ಗಂಡನ ಪೂರ್ತಿ ಹೆಸರನ್ನು ಕಾಗದ ನೋಡಿಕೊಂಡು ಓದಿದ. ಪಕ್ಕದಲ್ಲೇ ನಿಂತಿದ್ದ ಗಂಡ ತನ್ನ ಹೆಸರು ಕೇಳಿ ಬೆಚ್ಚಿಬಿದ್ದ.

"ಅಮ್ಮಾ, ಗಾಬರಿ ಆಗಬೇಡಿ. ನಿನ್ನೆ ಸಂಜೆ ಇವರನ್ನ ಯಾರೋ ನಮ್ಮ ಗೇಟಿನ ಹತ್ತಿರ ಬಿಟ್ಟುಹೋಗಿದ್ದಾರೆ. ಬಲಗೈ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಗಿದೆ, ಮೂರು ವಾರದ ಹಳೇ ಗಾಯ. ಸರಿಯಾಗಿ ಮದ್ದು ಮಾಡಿಸಿಲ್ಲ. ಕೀವಾಗಿ ನಂಜು ಮೈಗೆ ಏರ್ತಾ ಇದೆ. ಪ್ರಜ್ಞೆ ಇಲ್ಲ. ಮೊಣಕೈ ತನಕ ಕೈ ತೆಗೆದರೆ ಜೀವ ಉಳಿಯಬಹುದು ಅಂತಾರೆ ಡಾಕ್ಟರು. ಇವತ್ತೇ ಆಗಬೇಕು. ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ನಿಮ್ಮ ನಂಬರು ಬರೆದಿತ್ತು. ನೀವು ಅವರ ಹೆಂಡತಿಯೇ ತಾನೇ?"



ಗಂಡ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಗೇಜಕ್ಕ ಫೋನಿನ ಮೇಲೆ ಅಂಗೈ ಇಟ್ಟು ಟೈಲರಮ್ಮನ ಕಿವಿಗೆ ಬಾಯಿಟ್ಟಳು. "ಯೋಚನೆ ಮಾಡಿ ಮಾತಾಡು ತಂಗಿ. ಹೌದು ಅಂದರೆ ಸುಳ್ಳು ಹೇಳಿದ ಹಾಗೆ. ಆ ಮನುಷ್ಯ ನಿನ್ನ ಗಂಡನ ಹೆಸರಿಗೇ ಅಂಟಿಕೋತಾನೆ. ನಾಳೆ ಪೊಲೀಸರು ಬಂದರೆ ನೀನೂ ಇದರಲ್ಲಿ ಪಾಲುದಾರಳು."

"ಅಲ್ಲ ಅಂದರೆ?"

"ಅಲ್ಲ ಅಂದರೆ ಅವನು ಯಾರೂ ಅಲ್ಲ. ಅವನ ಪರವಾಗಿ ಮಾತಾಡೋರು ಯಾರೂ ಇಲ್ಲ."

ಟೈಲರಮ್ಮ ಗಂಡನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಸುಟ್ಟ ಕಲೆಗಳ, ದೊರಗು ಬೆರಳುಗಳ ಕೈ. ಕ್ಷಣ ಹೊತ್ತು ಅದನ್ನೇ ನೋಡಿದಳು. ಎಲ್ಲೋ ಇನ್ನೊಬ್ಬಳು ಇಂಥದೇ ಒಂದು ಕೈಗಾಗಿ ಕಾಯುತ್ತಿರಬಹುದು. ಸಿಟ್ಟು, ಸಮಾಧಾನ, ಭಯ ಎಲ್ಲ ಒಟ್ಟಿಗೇ ನುಗ್ಗಿ ಬಂದವು.

ಅವಳು ಫೋನನ್ನು ಬಾಯಿಯ ಹತ್ತಿರ ತಂದಳು.

"ಹೌದು, ನಾನೇ ಅವರ ಹೆಂಡತಿ. ಕೈ ತೆಗೀರಿ. ಜೀವ ಉಳಿಸಿ."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು.

"ಅಮ್ಮಾ, ನೀವು ಹೀಗೆ ಹೇಳಿದಿರಿ, ಸಂತೋಷ. ಇಂಥ ಹೊತ್ತಿನಲ್ಲಿ ಡಾಕ್ಟರು ಯಾರ ಒಪ್ಪಿಗೆಗೂ ಕಾಯೋರಲ್ಲ. ಕಾದಿದ್ದು ಯಾಕೆ ಅಂದರೆ, ನಿಮ್ಮ ಯಜಮಾನರ ಜೇಬಿನಲ್ಲಿ ಒಂದು ಕಾರ್ಡು ಸಿಕ್ಕಿತ್ತು. ಬೆಳಿಗ್ಗೆ ಮೊದಲು ಅದರಲ್ಲಿದ್ದ ನಂಬರಿಗೆ ಮಾಡಿದ್ದೆವು. ಒಬ್ಬ ಹೆಂಗಸು ಎತ್ತಿಕೊಂಡು ತಾನೇ ಹೆಂಡತಿ ಅಂದರು. ಕೈ ಮುಟ್ಟಬೇಡಿ, ಏನೂ ಮಾಡಬೇಡಿ, ಹಾಗೇ ಬಿಟ್ಟುಬಿಡಿ ಅಂತ ಬರೆಸಿದರು. ಅನುಮಾನ ಬಂದು ಪಾಸ್‌ಪೋರ್ಟಿನ ನಂಬರಿಗೂ ಮಾಡಿದೆ."

ಗೇಜಕ್ಕನಿಗೆ ಲೆಕ್ಕ ಹೊಳೆಯಿತು. ಆ ಮನುಷ್ಯ ಸತ್ತುಹೋದರೆ ಪಾಸ್‌ಪೋರ್ಟಿನ ಹೆಸರೂ ಅವನ ಜೊತೆಗೇ ಮಣ್ಣಾಗುತ್ತದೆ. ಆಮೇಲೆ ಯಾರು ಯಾರನ್ನು ಕೇಳಬೇಕು?

"ಈಗ ಇಬ್ಬರು ಹೆಂಡತಿಯರಾದರಲ್ಲ," ಎಂದ ದುಭಾಷಿ. "ಯಾರ ಮಾತು ಬರೆದುಕೊಳ್ಳಲಿ? ನೀವು ಲೈನಿನಲ್ಲೇ ಇರಿ. ಇನ್ನೊಂದು ಫೋನಿನಿಂದ ಆ ನಂಬರಿಗೆ ಈಗಲೇ ಮಾಡ್ತೀನಿ."

ಗುಂಡಿಗಳನ್ನು ಒತ್ತುವ ಸದ್ದು ಕೇಳಿಬಂತು.

ಪ್ಲೈವುಡ್ ಗೋಡೆಯ ಆಚೆ, ಕಚೇರಿಯಲ್ಲಿ, ಒಂದು ಫೋನ್ ರಿಂಗಾಯಿತು. ಎರಡು ರಿಂಗಿಗೆ ಯಾರೋ ಎತ್ತಿಕೊಂಡರು. ಆಮೇಲೆ ಮುಚ್ಚಿದ ಬಾಗಿಲಿನ ಹಿಂದಿನಿಂದ ಒಂದು ಹೆಣ್ಣುದನಿ, ಸ್ವಲ್ಪವೂ ಅವಸರವಿಲ್ಲದೆ, ಸ್ಪಷ್ಟವಾಗಿ ಕೇಳಿಸಿತು.

"ಹೌದು, ನಾನೇ ಅವರ ಹೆಂಡತಿ."